‘ದೇಶೀಯ ಕಣ್ಗಾವಲು’ ಎಂದರೆ ಯಾವುದು: ಪಾಲಿಸಿ ಡಿಬೇಟ್‌ನಲ್ಲಿ ಪದದ ಅರ್ಥದ ಮೇಲೆ ವಾದ ಕಟ್ಟುವ ಬಗೆ

ಅಮೆರಿಕದ ಪ್ರೌಢಶಾಲೆಗಳ ಪಾಲಿಸಿ ಡಿಬೇಟ್‌ನಲ್ಲಿ ಇಡೀ ದೇಶದ ತಂಡಗಳು ವರ್ಷಪೂರ್ತಿ ಒಂದೇ ನಿರ್ಣಯದ ಮೇಲೆ ವಾದಿಸುತ್ತವೆ. 2015–16ನೇ ಸಾಲಿನ ನಿರ್ಣಯವನ್ನು ಕನ್ನಡದಲ್ಲಿ ಹೇಳುವುದಾದರೆ ಅದು ಹೀಗಿತ್ತು: ‘ಅಮೆರಿಕ ಸಂಯುಕ್ತ ಸಂಸ್ಥಾನದ ಫೆಡರಲ್ ಸರ್ಕಾರವು ತನ್ನ ದೇಶೀಯ ಕಣ್ಗಾವಲನ್ನು ಗಣನೀಯವಾಗಿ ಮೊಟಕುಗೊಳಿಸಬೇಕು.’ ಆರಂಭದ ‘ರಿಸಾಲ್ವ್ಡ್’ ಬಿಟ್ಟರೆ ಮೂಲ ಇಂಗ್ಲಿಷ್ ವಾಕ್ಯದಲ್ಲಿ ಇರುವುದು 11 ಪದಗಳು. ಅವುಗಳಲ್ಲಿ ಐದು ಪದಗಳು, ಅಂದರೆ ಸಬ್‌ಸ್ಟ್ಯಾನ್ಶಿಯಲಿ, ಕರ್ಟೇಲ್, ಇಟ್ಸ್, ಡೊಮೆಸ್ಟಿಕ್ ಮತ್ತು ಸರ್ವೇಲೆನ್ಸ್, ಅರ್ಥದ ವಾದಕ್ಕೆ ಸದಾ ಅವಕಾಶ ಕೊಡುತ್ತವೆ. ಸರ್ಕಾರ ಜನರ ಮೇಲೆ ಕಣ್ಣಿಡುವುದು ಸರಿಯೇ ತಪ್ಪೇ ಎಂಬ ದೊಡ್ಡ ಪ್ರಶ್ನೆಯನ್ನು ತೀರ್ಪುಗಾರರು ಮುಟ್ಟುವ ಮೊದಲೇ, ಎದುರಾಳಿ ತಂದಿರುವ ಯೋಜನೆ ನಿಜವಾಗಿ ‘ದೇಶೀಯ ಕಣ್ಗಾವಲಿ’ಗೆ ಸಂಬಂಧಿಸಿದ್ದೇ ಎಂಬ ಚಿಕ್ಕ ಪ್ರಶ್ನೆಯಲ್ಲೇ ಸುತ್ತಿನ ಸೋಲು ಗೆಲುವು ತೀರ್ಮಾನವಾಗಿಬಿಡಬಹುದು. ಈ ವಾದಕ್ಕೆ ಡಿಬೇಟ್ ಮಾಡುವವರು ಟಾಪಿಕ್ಯಾಲಿಟಿ ಎನ್ನುತ್ತಾರೆ. ಮಾತಿನಲ್ಲಿ ಬರೀ ‘ಟಿ’.

ಅಮೆರಿಕದ ಶಾಲೆಗಳಲ್ಲಿ ಡಿಬೇಟ್ ತಂಡ ಸೇರಿರುವ ಕನ್ನಡ ಮನೆಗಳ ಮಕ್ಕಳನ್ನು, ಶನಿವಾರದ ಪಂದ್ಯಾವಳಿಗಳಲ್ಲಿ ತೀರ್ಪುಗಾರರಾಗಿ ಕೂರಬೇಕಾಗಿ ಬರುವ ಅವರ ತಂದೆತಾಯಿಯರನ್ನು ಮತ್ತು ಈ ಪದ್ಧತಿಯನ್ನು ದೂರದಿಂದ ಕುತೂಹಲದಿಂದ ನೋಡುತ್ತಿರುವ ಕರ್ನಾಟಕದ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಹತ್ತು ವರ್ಷ ಹಳೆಯ ನಿರ್ಣಯವನ್ನೇ ಆರಿಸಿಕೊಳ್ಳಲು ಕಾರಣವಿದೆ. ಅದರ ಪದಗಳ ಹಿಂದೆ ಕಾಯ್ದೆಗಳಿವೆ, ಸುಪ್ರೀಂ ಕೋರ್ಟಿನ ತೀರ್ಪುಗಳಿವೆ, ಎಲ್ಲವೂ ಸಾರ್ವಜನಿಕವಾಗಿ ಸಿಗುತ್ತವೆ. ಅರ್ಥದ ವಾದ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಗರಡಿ ನನಗೆ ಕಂಡಿಲ್ಲ.

ಸ್ಪರ್ಧೆಯ ಚೌಕಟ್ಟು

ನಮ್ಮ ಶಾಲೆಗಳ ಚರ್ಚಾಸ್ಪರ್ಧೆಯಲ್ಲಿ ವಿದ್ಯಾರ್ಥಿಯೊಬ್ಬ ವಿಷಯದ ಪರವಾಗಿಯೋ ವಿರೋಧವಾಗಿಯೋ ಕೆಲವು ನಿಮಿಷ ಮಾತನಾಡಿ ಕೂರುತ್ತಾನೆ. ವಿಷಯದ ಪದಗಳ ಅರ್ಥವೇನು ಎಂದು ಯಾರೂ ಕೇಳುವುದಿಲ್ಲ. ಪಾಲಿಸಿ ಡಿಬೇಟ್‌ನಲ್ಲಿ ಇಬ್ಬಿಬ್ಬರ ಎರಡು ತಂಡಗಳಿರುತ್ತವೆ. ಪರ ತಂಡವು ನಿರ್ಣಯವನ್ನು ಇಡಿಯಾಗಿ ಸಮರ್ಥಿಸುವುದಿಲ್ಲ; ಅದರ ವ್ಯಾಪ್ತಿಯೊಳಗಿನ ಒಂದು ನಿರ್ದಿಷ್ಟ ಯೋಜನೆಯನ್ನು ಆರಿಸಿ ಓದುತ್ತದೆ. ಸುತ್ತಿನಲ್ಲಿ ಎಂಟು ಭಾಷಣಗಳಿರುತ್ತವೆ: ಪ್ರೌಢಶಾಲಾ ಮಟ್ಟದಲ್ಲಿ ಎಂಟು ನಿಮಿಷಗಳ ನಾಲ್ಕು ಮಂಡನೆಗಳು, ಐದು ನಿಮಿಷಗಳ ನಾಲ್ಕು ಖಂಡನೆಗಳು, ಪ್ರತಿ ಮಂಡನೆಯ ಬಳಿಕ ಮೂರು ನಿಮಿಷಗಳ ಪಾಟೀಸವಾಲು.

ಯೋಜನೆಯನ್ನು ಆರಿಸುವ ಸ್ವಾತಂತ್ರ್ಯ ಪರ ತಂಡದ್ದಾಗಿರುವುದರಿಂದಲೇ ಅರ್ಥದ ವಾದ ಅನಿವಾರ್ಯವಾಗುತ್ತದೆ. ಯಾವ ಯೋಜನೆ ಬಂದರೂ ನಡೆಯುತ್ತದೆ ಎಂದಾದರೆ ವಿರೋಧ ತಂಡ ಸಿದ್ಧತೆ ಮಾಡಿಕೊಳ್ಳುವುದಾದರೂ ಯಾವುದಕ್ಕೆ? ಆದ್ದರಿಂದ ಯೋಜನೆಯು ನಿರ್ಣಯದ ಗಡಿಯ ಹೊರಗಿದೆ ಎಂದು ವಿರೋಧ ತಂಡ ಸಿದ್ಧಪಡಿಸಿದರೆ, ಆ ಯೋಜನೆ ದೇಶಕ್ಕೆ ಎಷ್ಟೇ ಹಿತವಾಗಿದ್ದರೂ ತೀರ್ಪು ವಿರೋಧ ತಂಡದ ಕಡೆಗೆ ಹೋಗಬಹುದು. ಇದರ ತಿರುಗುಮುರುಗು ನಿಜವಲ್ಲ ಎಂಬುದನ್ನು ಹೊಸಬರು ನೆನಪಿಡಬೇಕು. ಪರ ತಂಡ ‘ಟಿ’ಯನ್ನು ಗೆದ್ದರೆ ಅದಕ್ಕೆ ಸಿಗುವುದು ಮುಂದೆ ವಾದಿಸುವ ಅರ್ಹತೆ ಮಾತ್ರ, ಆಕ್ಷೇಪ ಎತ್ತಿದ ತಪ್ಪಿಗೇ ವಿರೋಧ ತಂಡ ಸೋಲಬೇಕು ಎಂಬ ವಾದವನ್ನು ಹೆಚ್ಚಿನ ತೀರ್ಪುಗಾರರು ಒಪ್ಪುವುದಿಲ್ಲ.

ನಿಘಂಟಿಗಿಂತ ಮೊದಲು ಲಕ್ಷಣ

ಹೊಸ ತಂಡಗಳು ಮಾಡುವ ಮೊದಲ ತಪ್ಪು ನಿಘಂಟು ತೆರೆಯುವುದು. ಒಂದು ತಂಡ ಒಂದು ನಿಘಂಟನ್ನು ಓದುತ್ತದೆ, ಇನ್ನೊಂದು ತಂಡ ಮತ್ತೊಂದನ್ನು ಓದುತ್ತದೆ, ತೀರ್ಪುಗಾರರ ಮುಂದೆ ಎರಡು ಅರ್ಥಗಳು ಬಿದ್ದಿರುತ್ತವೆ, ಯಾವುದನ್ನು ಏಕೆ ಆರಿಸಬೇಕೆಂದು ಯಾರೂ ಹೇಳಿರುವುದಿಲ್ಲ. ಇದನ್ನು ಸರಿಪಡಿಸಲು ನಮ್ಮ ಪಾಠಶಾಲೆಗಳಲ್ಲಿ ನ್ಯಾಯಶಾಸ್ತ್ರದ ಆರಂಭಿಕ ಪಠ್ಯವಾದ ತರ್ಕಸಂಗ್ರಹ ಓದುವ ಮಕ್ಕಳು ಮೊದಮೊದಲಿಗೇ ಕಲಿಯುವ ಒಂದು ಪಾಠ ನೇರವಾಗಿ ನೆರವಾಗುತ್ತದೆ.

ನ್ಯಾಯಶಾಸ್ತ್ರದಲ್ಲಿ ಒಂದು ವಸ್ತುವಿಗೆ ಲಕ್ಷಣ, ಅಂದರೆ ವ್ಯಾಖ್ಯಾನ, ಹೇಳುವಾಗ ಮೂರು ದೋಷಗಳು ಬರಬಾರದು. ಹಸು ಎಂದರೆ ಕಪಿಲ ಬಣ್ಣದ ಪ್ರಾಣಿ ಎಂದರೆ ಬಿಳಿಯ ಹಸು ಹೊರಗೆ ಉಳಿಯುತ್ತದೆ, ಇದು ಅವ್ಯಾಪ್ತಿ. ಹಸು ಎಂದರೆ ಕೊಂಬಿರುವ ಪ್ರಾಣಿ ಎಂದರೆ ಎಮ್ಮೆಯೂ ಮೇಕೆಯೂ ಒಳಗೆ ಬರುತ್ತವೆ, ಇದು ಅತಿವ್ಯಾಪ್ತಿ. ಹಸು ಎಂದರೆ ಸೀಳಿಲ್ಲದ ಒಂಟಿ ಗೊರಸಿನ ಪ್ರಾಣಿ ಎಂದರೆ ಯಾವ ಹಸುವೂ ಒಳಗೆ ಬರುವುದಿಲ್ಲ, ಇದು ಅಸಂಭವ. ಗಂಗೆದೊಗಲು ಇರುವ ಪ್ರಾಣಿ ಎಂದಾಗ ಮಾತ್ರ ಲಕ್ಷಣ ಸರಿಹೊಂದುತ್ತದೆ. ಡಿಬೇಟ್‌ನ ಪರಿಭಾಷೆಯಲ್ಲಿ ವಿರೋಧ ತಂಡ ಪದೇ ಪದೇ ಹೇಳುವ ‘ಲಿಮಿಟ್ಸ್’ ಎಂಬ ದೂರು ಅತಿವ್ಯಾಪ್ತಿಯ ದೂರು; ಪರ ತಂಡ ಮರಳಿ ಹೇಳುವ ‘ಓವರ್‌ಲಿಮಿಟಿಂಗ್’ ಎಂಬ ದೂರು ಅವ್ಯಾಪ್ತಿಯ ದೂರು. ಎದುರಾಳಿಯ ವ್ಯಾಖ್ಯಾನ ಕಿವಿಗೆ ಬಿದ್ದ ಕೂಡಲೇ ಈ ಮೂರರಲ್ಲಿ ಯಾವ ದೋಷ ಅದಕ್ಕಿದೆ ಎಂದು ಕೇಳಿಕೊಳ್ಳುವ ಅಭ್ಯಾಸ ಮಾಡಿಕೊಳ್ಳಿ.

ಆದರೆ ಒಂದು ಮುಖ್ಯ ವ್ಯತ್ಯಾಸವಿದೆ, ನನ್ನ ಮಟ್ಟಿಗೆ ಇಡೀ ವಿಷಯದ ತಿರುಳೇ ಇದು. ತರ್ಕಶಾಸ್ತ್ರದ ಪಾಠದಲ್ಲಿ ಯಾವುದು ಹಸು, ಯಾವುದು ಅಲ್ಲ ಎಂಬುದು ವಾದಿಗೂ ಪ್ರತಿವಾದಿಗೂ ಮೊದಲೇ ಗೊತ್ತಿರುತ್ತದೆ. ಲಕ್ಷಣವನ್ನು ಅದಕ್ಕೆ ಹೊಂದಿಸಿ ನೋಡುತ್ತಾರೆ. ‘ದೇಶೀಯ ಕಣ್ಗಾವಲು’ ಹಾಗಲ್ಲ. ಯಾವುದು ಒಳಗಿರಬೇಕು ಎಂಬುದೇ ಇಲ್ಲಿ ವಿವಾದ. ಹಾಗಾಗಿ ‘ನನ್ನ ಅರ್ಥವೇ ನಿಜವಾದ ಅರ್ಥ’ ಎನ್ನುವುದು ಇಲ್ಲಿ ಸಾಕಾಗುವುದಿಲ್ಲ. ‘ನನ್ನ ಅರ್ಥದಂತೆ ಗಡಿ ಎಳೆದರೆ ಇಂತಿಂಥ ಯೋಜನೆಗಳು ಒಳಗಿರುತ್ತವೆ, ಇಂತಿಂಥವು ಹೊರಗುಳಿಯುತ್ತವೆ, ಆಗ ಎರಡೂ ತಂಡಗಳು ಓದಿ ಸಿದ್ಧವಾಗಿ ಬಂದು ನ್ಯಾಯವಾಗಿ ವಾದಿಸಬಹುದಾದ ಒಂದು ವರ್ಷ ಸಿಗುತ್ತದೆ’ ಎಂದು ತೋರಿಸಬೇಕು.

ಮೊದಲ ಹೆಜ್ಜೆ: ವಾಕ್ಯವನ್ನು ಕನ್ನಡಕ್ಕೆ ತಂದು ನೋಡಿ

ಸುತ್ತು ನಡೆಯುವುದು ಇಂಗ್ಲಿಷಿನಲ್ಲಿ, ಆದರೂ ಕನ್ನಡ ಬಲ್ಲ ವಿದ್ಯಾರ್ಥಿಗೆ ಇಲ್ಲೊಂದು ಅನುಕೂಲವಿದೆ. ‘ಡೊಮೆಸ್ಟಿಕ್ ಸರ್ವೇಲೆನ್ಸ್’ ಎಂದು ಇಂಗ್ಲಿಷಿನಲ್ಲಿ ಎರಡು ಪದಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಅವುಗಳ ನಡುವಿನ ಸಂಬಂಧವೇನು ಎಂಬುದು ಮುಚ್ಚಿಹೋಗುತ್ತದೆ. ಕನ್ನಡದಲ್ಲಿ ಅದನ್ನು ಬಿಡಿಸಿ ಹೇಳಲು ಹೊರಟರೆ ಆಯ್ಕೆ ಮಾಡಲೇಬೇಕಾಗುತ್ತದೆ: ದೇಶದೊಳಗೆ ನಡೆಯುವ ಕಣ್ಗಾವಲೇ, ದೇಶವಾಸಿಗಳ ಮೇಲಿನ ಕಣ್ಗಾವಲೇ, ದೇಶದೊಳಗಿನ ಅಪಾಯಗಳನ್ನು ತಡೆಯುವುದಕ್ಕಾಗಿ ಇರುವ ಕಣ್ಗಾವಲೇ? ಮೊದಲನೆಯದು ಸ್ಥಳವನ್ನು, ಎರಡನೆಯದು ವ್ಯಕ್ತಿಯನ್ನು, ಮೂರನೆಯದು ಉದ್ದೇಶವನ್ನು ಗುರುತಿಸುತ್ತದೆ. ಈ ಮೂರು ಕವಲುಗಳೇ ‘ಡೊಮೆಸ್ಟಿಕ್’ ಪದದ ಮೇಲಿನ ವಾದದ ಮುಖ್ಯ ದಾರಿಗಳು.

ನಿರ್ಣಯದ ಪ್ರತಿ ಪದಕ್ಕೂ ಹೀಗೆಯೇ ಮಾಡಿ, ಸಿಕ್ಕ ಕವಲುಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ‘ಕರ್ಟೇಲ್’ ಪದವನ್ನು ‘ಮೊಟಕುಗೊಳಿಸು’ ಎನ್ನುತ್ತೀರೋ, ‘ನಿಲ್ಲಿಸು’ ಎನ್ನುತ್ತೀರೋ, ‘ಅಂಕೆಯಲ್ಲಿಡು’ ಎನ್ನುತ್ತೀರೋ ಎಂದು ಯೋಚಿಸುವಾಗಲೇ ಮೂರು ಬೇರೆ ವ್ಯಾಖ್ಯಾನಗಳು ಕೈಗೆ ಬಂದಿರುತ್ತವೆ.

ಎರಡನೆಯ ಹೆಜ್ಜೆ: ಪದಗಳ ಹಿಂದಿನ ಕಾನೂನನ್ನು ಓದಿ

‘ಡೊಮೆಸ್ಟಿಕ್’ ಪದದಿಂದಲೇ ಆರಂಭಿಸೋಣ, ಏಕೆಂದರೆ ಆ ನಿರ್ಣಯದ ಅತ್ಯಂತ ಫಲವತ್ತಾದ ನೆಲ ಇದು. 1972ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ‘ಕೀತ್ ಪ್ರಕರಣ’ ಎಂದು ಹೆಸರಾದ ಮೊಕದ್ದಮೆಯಲ್ಲಿ, ದೇಶದೊಳಗಿನ ಭದ್ರತೆಯ ಹೆಸರಿನಲ್ಲಿ ವಾರಂಟ್ ಇಲ್ಲದೆ ಫೋನ್ ಕದ್ದಾಲಿಸುವಂತಿಲ್ಲ ಎಂದು ಹೇಳಿತು. ವಿದೇಶಿ ಶಕ್ತಿಗಳ ಮತ್ತು ಅವರ ಏಜೆಂಟರ ಮೇಲಿನ ಕಣ್ಗಾವಲಿನ ಪ್ರಶ್ನೆಯನ್ನು ತಾನು ತೀರ್ಮಾನಿಸುತ್ತಿಲ್ಲ ಎಂದು ಬೇರೆಯಾಗಿಯೇ ಇಟ್ಟಿತು. ವಿದೇಶಿ ಶಕ್ತಿಯೊಡನೆ ಗಣನೀಯ ನಂಟಿಲ್ಲದ, ನಾಗರಿಕರಿಂದ ಕೂಡಿದ ಸಂಘಟನೆಯನ್ನು ‘ದೇಶೀಯ’ ಎಂದು ಆ ತೀರ್ಪು ಗುರುತಿಸಿತು. ವ್ಯಕ್ತಿಯನ್ನು ಆಧರಿಸಿದ ವ್ಯಾಖ್ಯಾನಕ್ಕೆ ವಿರೋಧ ತಂಡಕ್ಕೆ ಸಿಗುವ ಬಲವಾದ ಆಧಾರ ಇದು. ಆ ತೀರ್ಪು ಬಿಟ್ಟ ಜಾಗವನ್ನು ತುಂಬಲು 1978ರಲ್ಲಿ ಬಂದದ್ದು ವಿದೇಶಿ ಗುಪ್ತಚರ ಕಣ್ಗಾವಲು ಕಾಯ್ದೆ, ಅಂದರೆ ಫಿಸಾ.

ಈಗ ಪರ ತಂಡವು ಫಿಸಾದ ಸೆಕ್ಷನ್ 702ನ್ನು ರದ್ದುಗೊಳಿಸುವ ಯೋಜನೆ ಓದುತ್ತದೆ ಎಂದುಕೊಳ್ಳಿ. 2008ರ ತಿದ್ದುಪಡಿಯಲ್ಲಿ ಸೇರಿದ ಈ ಸೆಕ್ಷನ್, ಅಮೆರಿಕದ ಹೊರಗಿದ್ದಾರೆಂದು ನಂಬಲು ಕಾರಣವಿರುವ ವಿದೇಶಿಯರನ್ನು ಗುರಿಯಾಗಿಸಿ, ಅಮೆರಿಕದ ಕಂಪನಿಗಳ ನೆರವಿನಿಂದ ಸಂವಹನಗಳನ್ನು ಸಂಗ್ರಹಿಸಲು ಅವಕಾಶ ಕೊಡುತ್ತದೆ. 2013ರಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆಯ ಗುತ್ತಿಗೆ ನೌಕರ ಎಡ್ವರ್ಡ್ ಸ್ನೋಡೆನ್ ಹೊರಗೆಡವಿದ ದಾಖಲೆಗಳಿಂದ ಜಗತ್ತಿಗೆ ಗೊತ್ತಾದ ಪ್ರಿಸಂ ಕಾರ್ಯಕ್ರಮ ನಡೆದದ್ದು ಇದರ ಅಡಿಯಲ್ಲೇ. ಆ ವಿದೇಶಿಯರೊಡನೆ ಮಾತನಾಡಿದ ಅಮೆರಿಕನ್ನರ ಸಂದೇಶಗಳೂ ಬಲೆಗೆ ಬೀಳುತ್ತವೆ. ಇದು ದೇಶೀಯವೇ?

ಗುರಿಯಾದವನು ವಿದೇಶಿ, ಅಮೆರಿಕನ್ನರ ಸಂದೇಶ ಸಿಕ್ಕಿದ್ದು ಪ್ರಾಸಂಗಿಕ, ಆದ್ದರಿಂದ ಇದು ವಿದೇಶಿ ಗುಪ್ತಚರ ಕೆಲಸ ಎಂದು ವಿರೋಧ ತಂಡ ಹೇಳುತ್ತದೆ. ಪರ ತಂಡದ ಉತ್ತರ ಹೀಗಿರುತ್ತದೆ: ಸಂಗ್ರಹಣೆ ನಡೆಯುವುದು ಅಮೆರಿಕದ ನೆಲದಲ್ಲಿ, ಅಮೆರಿಕದ ಕಂಪನಿಗಳಿಂದ. ಹಾಗೆ ನಡೆಯುವುದರಿಂದಲೇ ಅದಕ್ಕೆ ಫಿಸಾದ ಅನುಮತಿ ಬೇಕಾಯಿತು. ವಿದೇಶದ ನೆಲದಲ್ಲಿ ನಡೆಯುವ ಸಂಗ್ರಹಣೆ ಬಹುಮಟ್ಟಿಗೆ 1981ರಲ್ಲಿ ರೇಗನ್ ಸಹಿ ಹಾಕಿದ 12333ನೇ ಕಾರ್ಯಾಂಗ ಆದೇಶದ ಅಡಿಯಲ್ಲಿ ಬರುತ್ತದೆ. ಎರಡೂ ಕಡೆಗೆ ಕಾನೂನಿನ ಬೆಂಬಲವಿದೆ ಎಂಬುದನ್ನು ಗಮನಿಸಿ. ಜಗತ್ತಿನ ಇಂಟರ್‌ನೆಟ್ ಸಂಚಾರದ ದೊಡ್ಡ ಪಾಲು ಅಮೆರಿಕದ ಸರ್ವರ್‌ಗಳ ಮೂಲಕ ಹಾದುಹೋಗುವುದರಿಂದ, ಸ್ಥಳವೊಂದೇ ಸಾಕು ಎಂದರೆ ‘ಡೊಮೆಸ್ಟಿಕ್’ ಪದಕ್ಕೆ ಕೆಲಸವೇ ಉಳಿಯುವುದಿಲ್ಲ ಎಂಬುದು ವಿರೋಧ ತಂಡದ ಅತ್ಯುತ್ತಮ ಮಾತು. 12333ರ ಅಡಿಯ ಸಾಗರೋತ್ತರ ಕಾರ್ಯಕ್ರಮಗಳೆಲ್ಲ ನಮ್ಮ ವ್ಯಾಖ್ಯಾನದಿಂದಲೂ ಹೊರಗೇ ಇವೆ, ಹಾಗಾಗಿ ಪದಕ್ಕೆ ಕೆಲಸವಿದೆ ಎಂಬುದು ಪರ ತಂಡದ ಅತ್ಯುತ್ತಮ ಮಾತು. ಈ ಎರಡು ವಾಕ್ಯಗಳು ಮುಖಾಮುಖಿಯಾದ ಸುತ್ತನ್ನು ಕೇಳುವುದು ತೀರ್ಪುಗಾರರಿಗೆ ನಿಜವಾದ ಸಂತೋಷ. ನನ್ನ ಮಟ್ಟಿಗೆ 702ರ ವಿಷಯದಲ್ಲಿ ಪರ ತಂಡದ ಕೈ ತುಸು ಮೇಲಿದೆ, ಏಕೆಂದರೆ ಅದರ ಗಡಿ ಕಾನೂನು ತಾನೇ ಎಳೆದ ಗಡಿಯ ಹತ್ತಿರವಿದೆ. ಆದರೆ ಚೆನ್ನಾಗಿ ಸಿದ್ಧವಾದ ವಿರೋಧ ತಂಡವೊಂದು ಇದನ್ನು ತಿರುಗಿಸಬಲ್ಲದು.

‘ಸರ್ವೇಲೆನ್ಸ್’ ಪದದ ಕಷ್ಟ ಬೇರೆ ಬಗೆಯದು. ಇಲ್ಲಿ ಕಾನೂನು ಒಂದು ದಿಕ್ಕಿಗೆ, ಸಮಾಜಶಾಸ್ತ್ರ ಇನ್ನೊಂದು ದಿಕ್ಕಿಗೆ ಎಳೆಯುತ್ತದೆ. ಫಿಸಾದಲ್ಲಿ ‘ಎಲೆಕ್ಟ್ರಾನಿಕ್ ಕಣ್ಗಾವಲು’ ಎಂಬುದಕ್ಕೆ ನಾಲ್ಕು ಭಾಗಗಳ ಬಿಗಿಯಾದ ವ್ಯಾಖ್ಯಾನವಿದೆ. ಸಮಾಜಶಾಸ್ತ್ರಜ್ಞ ಡೇವಿಡ್ ಲಯನ್ ಕೊಡುವ ವ್ಯಾಖ್ಯಾನವಾದರೋ, ಪ್ರಭಾವಿಸಲು, ನಿರ್ವಹಿಸಲು, ರಕ್ಷಿಸಲು ಅಥವಾ ನಿರ್ದೇಶಿಸಲು ವ್ಯಕ್ತಿಗಳ ವಿವರಗಳ ಮೇಲೆ ಗುರಿಯಿಟ್ಟು, ಕ್ರಮಬದ್ಧವಾಗಿ, ದಿನನಿತ್ಯದ ರೂಢಿಯಾಗಿ ಗಮನವಿಡುವುದು ಎಂಬ ಅರ್ಥದ್ದು. ಎರಡನೆಯದನ್ನು ಒಪ್ಪಿದರೆ ನೌಕರಿಗೆ ಅರ್ಹತೆ ಪರಿಶೀಲಿಸುವ ಸರ್ಕಾರಿ ವ್ಯವಸ್ಥೆಯಿಂದ ಹಿಡಿದು ಕಲ್ಯಾಣ ಯೋಜನೆಗಳ ಫಲಾನುಭವಿಗಳ ದಾಖಲೆಯವರೆಗೆ ಬಹಳಷ್ಟು ಒಳಗೆ ಬರುತ್ತದೆ. ಅತಿವ್ಯಾಪ್ತಿಯ ದೂರು ಸಹಜ.

ಮೊದಲನೆಯದರ ದೋಷ ಇನ್ನೂ ಕುತೂಹಲಕರವಾಗಿದೆ. ದೇಶದ ಜನರ ಫೋನ್ ಕರೆಗಳ ವಿವರಗಳನ್ನು ರಾಶಿಯಾಗಿ ಸಂಗ್ರಹಿಸಿದ ಕಾರ್ಯಕ್ರಮ ಪೇಟ್ರಿಯಟ್ ಕಾಯ್ದೆಯ ಸೆಕ್ಷನ್ 215ರ ಅಡಿಯಲ್ಲಿ ನಡೆಯಿತು. ಫಿಸಾದ ಚೌಕಟ್ಟಿನಲ್ಲಿ ಅದು ಸೇರುವುದು ಎಲೆಕ್ಟ್ರಾನಿಕ್ ಕಣ್ಗಾವಲಿನ ಅಧ್ಯಾಯದಲ್ಲಲ್ಲ, ವ್ಯಾಪಾರ ದಾಖಲೆಗಳನ್ನು ಪಡೆಯುವ ಅಧ್ಯಾಯದಲ್ಲಿ. ಡಯಲ್ ಮಾಡಿದ ಸಂಖ್ಯೆಗಳಿಗೆ ಸಂವಿಧಾನದ ನಾಲ್ಕನೇ ತಿದ್ದುಪಡಿಯ ಖಾಸಗಿತನದ ರಕ್ಷಣೆ ಇಲ್ಲವೆಂದು 1979ರ ಸ್ಮಿತ್ ವರ್ಸಸ್ ಮೇರಿಲ್ಯಾಂಡ್ ತೀರ್ಪು ಹೇಳಿತ್ತು. ಈ ಎಳೆ ಹಿಡಿದು ವಿರೋಧ ತಂಡ ‘215 ಕಣ್ಗಾವಲೇ ಅಲ್ಲ, ದಾಖಲೆ ಸಂಗ್ರಹ’ ಎಂದು ವಾದಿಸಬಹುದು. ಆದರೆ ಹಾಗೆ ವಾದಿಸಿದರೆ ಸ್ನೋಡೆನ್ ಪ್ರಕರಣದ ನಂತರ ಇಡೀ ದೇಶ ಯಾವುದನ್ನು ಕಣ್ಗಾವಲು ಎಂದು ಕರೆದು ಚರ್ಚಿಸಿತೋ ಅದೇ ಹೊರಗೆ ಬೀಳುತ್ತದೆ. ಬಿಳಿಯ ಹಸುವನ್ನು ಹೊರಗಟ್ಟಿದ ಅವ್ಯಾಪ್ತಿಗೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ. ಪರ ತಂಡ ಇದನ್ನು ಹೆಸರಿಟ್ಟು ಹೇಳಬೇಕು.

ಲಯನ್ ಅವರ ವ್ಯಾಖ್ಯಾನವನ್ನು ವಿರೋಧ ತಂಡವೂ ಬಳಸಬಹುದು. ‘ಗುರಿಯಿಟ್ಟು’, ‘ಕ್ರಮಬದ್ಧ’, ‘ವ್ಯಕ್ತಿಗಳ ವಿವರ’ ಎಂಬ ಒಂದೊಂದು ವಿಶೇಷಣವೂ ಒಂದೊಂದು ಬೇಲಿ. ಗೂಢಲಿಪಿಯಲ್ಲಿ ಸರ್ಕಾರ ಒಳಹೊಕ್ಕು ಓದಲು ಹಿಂಬಾಗಿಲು ಇಡುವಂತೆ ಕಂಪನಿಗಳನ್ನು ಒತ್ತಾಯಿಸಬಾರದು ಎಂಬ ಯೋಜನೆಯನ್ನು ತೆಗೆದುಕೊಳ್ಳಿ. ಹಿಂಬಾಗಿಲು ಇಟ್ಟ ಮಾತ್ರಕ್ಕೆ ಯಾರ ವಿವರವನ್ನೂ ಯಾರೂ ನೋಡಿರುವುದಿಲ್ಲ; ಅದು ಕಣ್ಗಾವಲಿಗೆ ಅನುಕೂಲ ಮಾಡಿಕೊಡುವ ಸಾಧನ, ಕಣ್ಗಾವಲಲ್ಲ ಎಂಬ ವಾದ ಹುಟ್ಟುವುದು ಇಂಥ ವಿಶೇಷಣಗಳಿಂದಲೇ. ಕಾರ್ಡ್, ಅಂದರೆ ಆಧಾರವಾಗಿ ಓದುವ ಉದ್ಧರಣೆ, ಓದುವಾಗ ಕ್ರಿಯಾಪದಕ್ಕಿಂತ ವಿಶೇಷಣಗಳ ಕೆಳಗೆ ಗೆರೆ ಎಳೆಯಿರಿ.

ಉಳಿದ ಮೂರನ್ನು ಚುಟುಕಾಗಿ ಹೇಳಬಹುದು. ‘ಕರ್ಟೇಲ್’ ವಿಷಯದಲ್ಲಿ ಬ್ಲ್ಯಾಕ್ಸ್ ಕಾನೂನು ನಿಘಂಟಿನ ಹಳೆಯ ಆವೃತ್ತಿಯೊಂದು, ಅದಕ್ಕೆ ಕಡಿಮೆ ಮಾಡು ಎಂಬ ಅರ್ಥವಿದೆ, ಸಂಪೂರ್ಣವಾಗಿ ರದ್ದು ಮಾಡು ಎಂಬ ಅರ್ಥವಿಲ್ಲ ಎನ್ನುತ್ತದೆ. ಆದರೆ ಒಂದು ಕಾರ್ಯಕ್ರಮವನ್ನು ರದ್ದುಗೊಳಿಸಿದರೆ ಒಟ್ಟು ಕಣ್ಗಾವಲು ಮೊಟಕಾದಂತೆಯೇ ಆಯಿತಲ್ಲ ಎಂಬ ಉತ್ತರ ಸುಲಭವಾಗಿರುವುದರಿಂದ, ಈ ದಾರಿಯಲ್ಲಿ ಗೆಲುವು ಅಪರೂಪ. ವಾರಂಟ್ ಕಡ್ಡಾಯಗೊಳಿಸುವ ಯೋಜನೆಗಳ ಮೇಲೆ ಇದೇ ಪದ ಹರಿತವಾಗುತ್ತದೆ: ಅಂಥ ಯೋಜನೆ ಕ್ರಮವನ್ನು ಬದಲಿಸುತ್ತದೆ, ಕಣ್ಗಾವಲು ಕಡಿಮೆಯಾಗುವುದು ಅದರ ಪರಿಣಾಮವಾಗಿ ಮುಂದೆಂದೋ ಎಂದು ಹೇಳಿದರೆ ಅದು ‘ಎಫೆಕ್ಟ್ಸ್ ಟಿ’. ‘ಇಟ್ಸ್’, ಅಂದರೆ ‘ತನ್ನ’, ಸ್ಥಳೀಯ ಪೊಲೀಸರನ್ನೂ ಖಾಸಗಿ ಕಂಪನಿಗಳನ್ನೂ ಹೊರಗಿಡುವ ಪದ. ಮೊಬೈಲ್ ಟವರ್‌ನಂತೆ ನಟಿಸುವ ಸ್ಟಿಂಗ್‌ರೇ ಯಂತ್ರವನ್ನು ನಗರ ಪೊಲೀಸರು ಬಳಸುವುದನ್ನು ತಡೆಯುವ ಯೋಜನೆ ಇಲ್ಲಿ ಸಿಕ್ಕಿಬೀಳುತ್ತದೆ, ಎಫ್‌ಬಿಐ ಬಳಕೆಯನ್ನು ತಡೆಯುವ ಯೋಜನೆ ಬೀಳುವುದಿಲ್ಲ. ‘ಸಬ್‌ಸ್ಟ್ಯಾನ್ಶಿಯಲಿ’ಗೆ ಶೇಕಡಾ ಇಷ್ಟು ಎಂದು ಗಡಿ ಹಾಕುವವರನ್ನು ನಾನು ಪ್ರೋತ್ಸಾಹಿಸುವುದಿಲ್ಲ. ಗುಪ್ತವಾಗಿ ನಡೆಯುವ ಕೆಲಸದ ಒಟ್ಟು ಪ್ರಮಾಣವೇ ಸಾರ್ವಜನಿಕರಿಗೆ ತಿಳಿಯದಿರುವಾಗ ಶೇಕಡಾವಾರು ಲೆಕ್ಕ ಹಾಕುವುದು ಯಾವುದರ ಮೇಲೆ?

ಮೂರನೆಯ ಹೆಜ್ಜೆ: ಆಧಾರವನ್ನು ತೂಗಿ ಆರಿಸಿ

ಒಳ್ಳೆಯ ವ್ಯಾಖ್ಯಾನದ ಕಾರ್ಡ್‌ನಲ್ಲಿ ಮೂರು ಗುಣಗಳನ್ನು ಹುಡುಕಬೇಕು. ಪದವನ್ನು ವಿವರಿಸುವ ಉದ್ದೇಶದಿಂದಲೇ ಲೇಖಕರು ಬರೆದಿರಬೇಕು. ಬೇರೇನೋ ಹೇಳುತ್ತಾ ಪದವನ್ನು ಬಳಸಿದ್ದರೆ ಅದು ಬಳಕೆಯ ಉದಾಹರಣೆ ಅಷ್ಟೇ. ಸಂದರ್ಭ ಹತ್ತಿರವಾಗಿರಬೇಕು, ಸರ್ಕಾರಿ ಕಣ್ಗಾವಲಿನ ಚರ್ಚೆಗೆ ರೋಗಗಳ ಹರಡುವಿಕೆಯನ್ನು ಗಮನಿಸುವ ವೈದ್ಯಕೀಯ ‘ಸರ್ವೇಲೆನ್ಸ್’ನ ವ್ಯಾಖ್ಯಾನ ತರುವುದು ದಾರಿ ತಪ್ಪಿಸುತ್ತದೆ. ಏನು ಒಳಗೆ ಎಂಬುದರ ಜೊತೆಗೆ ಏನು ಹೊರಗೆ ಎಂಬುದನ್ನೂ ಅದು ಹೇಳಿರಬೇಕು; ಈ ಮೂರನೆಯ ಗುಣವುಳ್ಳ ಕಾರ್ಡ್ ಅಪರೂಪ, ಸಿಕ್ಕರೆ ಬಿಡಬೇಡಿ. ‘ಇದರಲ್ಲಿ ಇದು ಸೇರಿದೆ’ ಎಂಬ ಕಾರ್ಡ್‌ನಿಂದ ಪರ ತಂಡಕ್ಕೆ ಲಾಭವೇ ಹೊರತು ಗಡಿ ಎಳೆಯಲು ಹೊರಟ ವಿರೋಧ ತಂಡಕ್ಕೆ ಅಲ್ಲ.

ಪದದ ಅರ್ಥದ ಮೇಲೆ ಇಷ್ಟು ತಲೆಕೆಡಿಸಿಕೊಳ್ಳುವುದು ಬರೀ ಸ್ಪರ್ಧೆಯ ಚಟ ಎಂದು ಕೆಲವು ಪೋಷಕರು ಹೇಳುವುದನ್ನು ಕೇಳಿದ್ದೇನೆ. ಅವರಿಗೆ ನಮ್ಮ ದೇಶದ ಉದಾಹರಣೆಯನ್ನೇ ಕೊಡುತ್ತೇನೆ. 1885ರ ಟೆಲಿಗ್ರಾಫ್ ಕಾಯ್ದೆಯ ಸೆಕ್ಷನ್ 5(2)ರ ಪ್ರಕಾರ ಕದ್ದಾಲಿಕೆಗೆ ‘ಸಾರ್ವಜನಿಕ ತುರ್ತು’ ಅಥವಾ ‘ಸಾರ್ವಜನಿಕ ಸುರಕ್ಷತೆ’ಯ ಕಾರಣ ಬೇಕಿತ್ತು. ಈ ಪದಗಳಿಗೆ ಅರ್ಥ ಹೇಳಿ, ಅಂಥ ಸ್ಥಿತಿ ಇಲ್ಲದೆ ಆ ಅಧಿಕಾರವನ್ನು ಬಳಸುವಂತಿಲ್ಲ ಎಂದು 1996ರಲ್ಲಿ ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆಯ ಪ್ರಕರಣದಲ್ಲಿ ಭಾರತದ ಸುಪ್ರೀಂ ಕೋರ್ಟು ಹೇಳಿದ್ದರಿಂದ ಕದ್ದಾಲಿಕೆಗೆ ಒಂದು ಮಿತಿ ಬಂತು. ಖಾಸಗಿತನ ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪಿತ್ತ ಪ್ರಕರಣಕ್ಕೆ ತಮ್ಮ ಹೆಸರು ಕೊಟ್ಟ ಅರ್ಜಿದಾರ ಕೆ.ಎಸ್. ಪುಟ್ಟಸ್ವಾಮಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಯಾಗಿದ್ದರು. ನಾಗರಿಕರ ಬದುಕಿಗೆ ಎಷ್ಟು ಜಾಗ ಸಿಗುತ್ತದೆ ಎಂಬುದು ಇಂಥ ಪದಗಳ ಗಡಿಯ ಮೇಲೆ ನಿಂತಿದೆ ಎಂಬ ನಂಬಿಕೆಯಿಂದಲೇ ನಾನು ಮಕ್ಕಳಿಗೆ ಇದನ್ನು ಹೇಳಿಕೊಡುತ್ತೇನೆ.

ನಾಲ್ಕನೆಯ ಹೆಜ್ಜೆ: ವಿರೋಧ ತಂಡದ ಮೊದಲ ಮಂಡನೆ

ಮೊದಲ ಭಾಷಣದಲ್ಲಿ ‘ಟಿ’ಗೆ ಒಂದು ನಿಮಿಷಕ್ಕಿಂತ ಹೆಚ್ಚು ಸಮಯ ಸಾಮಾನ್ಯವಾಗಿ ಬೇಡ. ಆದರೆ ನಾಲ್ಕು ಅಂಗಗಳೂ ಇರಬೇಕು: ವ್ಯಾಖ್ಯಾನ, ಉಲ್ಲಂಘನೆ, ಮಾನದಂಡಗಳು, ತೀರ್ಪಿನ ಕಾರಣ. 702ರ ಯೋಜನೆಯ ವಿರುದ್ಧ ಅದು ಹೀಗಿರಬಹುದು:

‘ವ್ಯಾಖ್ಯಾನ: ದೇಶೀಯ ಕಣ್ಗಾವಲು ಎಂದರೆ ಅಮೆರಿಕದ ವ್ಯಕ್ತಿಗಳನ್ನು ಗುರಿಯಾಗಿಸಿ ನಡೆಸುವ ಮಾಹಿತಿ ಸಂಗ್ರಹ. ಉಲ್ಲಂಘನೆ: ಯೋಜನೆ ಮೊಟಕುಗೊಳಿಸುವುದು ವಿದೇಶಿಯರನ್ನು ಗುರಿಯಾಗಿಸಿದ ಸಂಗ್ರಹವನ್ನು, ಅಮೆರಿಕನ್ನರ ಸಂದೇಶಗಳು ಅದರಲ್ಲಿ ಪ್ರಾಸಂಗಿಕವಾಗಿ ಬರುತ್ತವೆ. ಮಾನದಂಡ: ಪ್ರಾಸಂಗಿಕ ಸಂಗ್ರಹವೂ ಸಾಕು ಎಂದರೆ ಜಗತ್ತಿನ ಯಾವುದೇ ಗುಪ್ತಚರ ಕಾರ್ಯಕ್ರಮ ಯೋಜನೆಯಾಗಬಹುದು, ಏಕೆಂದರೆ ಎಲ್ಲದರಲ್ಲೂ ಯಾರೋ ಒಬ್ಬ ಅಮೆರಿಕನ್ನನ ಸಂದೇಶ ಇದ್ದೇ ಇರುತ್ತದೆ; ಆಗ ನಾವು ನಾಗರಿಕ ಹಕ್ಕುಗಳ ಬದಲು ಇಡೀ ವಿದೇಶಾಂಗ ನೀತಿಯನ್ನೇ ಓದಿಕೊಂಡು ಬರಬೇಕಾಗುತ್ತದೆ. ತೀರ್ಪಿನ ಕಾರಣ: ಸಿದ್ಧತೆಗೆ ಅವಕಾಶವಿಲ್ಲದ ವಾದದಲ್ಲಿ ನ್ಯಾಯವೂ ಇಲ್ಲ, ಕಲಿಕೆಯೂ ಇಲ್ಲ.’

ಉಲ್ಲಂಘನೆ ಹೇಳುವಾಗ ಯೋಜನೆಯ ಪಠ್ಯದ ಪದಗಳನ್ನೇ ಎತ್ತಿ ಹೇಳಿ. ಅದಕ್ಕೂ ಮೊದಲು ಪಾಟೀಸವಾಲಿನಲ್ಲಿ ‘ನಿಮ್ಮ ಯೋಜನೆಯ ನಂತರ ಯಾರ ಮೇಲಿನ ಯಾವ ಸಂಗ್ರಹ ನಿಲ್ಲುತ್ತದೆ?’ ಎಂದು ಸೌಮ್ಯವಾಗಿ ಕೇಳಿ, ಉತ್ತರವನ್ನು ಬರೆದಿಟ್ಟುಕೊಳ್ಳಿ. ಎದುರಾಳಿಯ ಬಾಯಿಂದ ಬಂದ ಒಂದು ವಾಕ್ಯ ಹತ್ತು ಕಾರ್ಡ್‌ಗಳಿಗೆ ಸಮ.

ಐದನೆಯ ಹೆಜ್ಜೆ: ಪರ ತಂಡದ ಉತ್ತರ

ಪರ ತಂಡದ ಎರಡನೆಯ ಮಂಡನೆಯಲ್ಲಿ ಉತ್ತರದ ಕ್ರಮ ಬಹುಮಟ್ಟಿಗೆ ಹೀಗಿರಬೇಕು. ಮೊದಲು, ‘ನಿಮ್ಮ ವ್ಯಾಖ್ಯಾನವನ್ನೇ ನಮ್ಮ ಯೋಜನೆ ಪೂರೈಸುತ್ತದೆ’ ಎಂದು ತೋರಿಸಲು ಸಾಧ್ಯವೇ ನೋಡಿ. 702ರ ಭಂಡಾರದಲ್ಲಿ ಅಮೆರಿಕನ್ನರ ಹೆಸರು ಹಾಕಿ ಹುಡುಕುವ ಪದ್ಧತಿಯನ್ನು ಯೋಜನೆ ನಿಲ್ಲಿಸುವುದಾದರೆ, ಆ ಹುಡುಕಾಟ ಅಮೆರಿಕನ್ನರನ್ನೇ ಗುರಿಯಾಗಿಸಿದ್ದು ಎಂದು ಹೇಳಬಹುದು. ಇದೊಂದು ಉತ್ತರ ಸರಿಯಾಗಿ ಕೂತರೆ ಉಳಿದದ್ದೆಲ್ಲ ಅನವಶ್ಯಕವಾಗುತ್ತದೆ, ಆದ್ದರಿಂದ ಯೋಜನೆಯ ಪಠ್ಯವನ್ನು ಬರೆಯುವಾಗಲೇ ಇದನ್ನು ಯೋಚಿಸಿರಬೇಕು.

ಆಮೇಲೆ ಪ್ರತಿವ್ಯಾಖ್ಯಾನ. ಅದು ನಿಮ್ಮ ಯೋಜನೆಗೆ ಮಾತ್ರ ಹೊಲಿಸಿದ ಅಂಗಿಯಂತೆ ಇರಬಾರದು. ಬೇರೆ ಯಾವ ಯೋಜನೆಗಳನ್ನು ಅದು ಹೊರಗಿಡುತ್ತದೆ ಎಂದು ಎರಡು ಮೂರು ಹೆಸರುಗಳನ್ನು ಹೇಳಿ. ನಂತರ ಅವ್ಯಾಪ್ತಿಯ ದೂರು, ಅದರ ಬೆನ್ನಿಗೆ ಕಾಲದ ವಾದ: 2015ರ ಜೂನ್ 2ರಂದು, 215ರ ಅಡಿಯ ಸಂಗ್ರಹಕ್ಕೆ ಕಡಿವಾಣ ಹಾಕುವ ಫ್ರೀಡಂ ಕಾಯ್ದೆಗೆ ಸಹಿ ಬಿದ್ದು, ಫೋನ್ ವಿವರಗಳ ರಾಶಿ ಸಂಗ್ರಹ ಆ ವರ್ಷದ ನವೆಂಬರ್ ಕೊನೆಯಲ್ಲಿ ನಿಂತಿತು. ಅಂದರೆ ಡಿಬೇಟ್ ವರ್ಷ ಆರಂಭವಾಗುವ ಹೊತ್ತಿಗೆ ನಿರ್ಣಯದ ಅತಿ ಪ್ರಸಿದ್ಧ ಯೋಜನೆಯನ್ನು ಅಮೆರಿಕದ ಸಂಸತ್ತೇ ಬಹುಪಾಲು ಕಾಯ್ದೆಯಾಗಿಸಿತ್ತು. 702ನ್ನೂ ಹೊರಗಿಟ್ಟರೆ ಪರ ತಂಡಗಳಿಗೆ ಉಳಿಯುವ ಗಟ್ಟಿ ವಿಷಯವೆಷ್ಟು? ಕೊನೆಯಲ್ಲಿ, ಅತ್ಯುತ್ತಮ ವ್ಯಾಖ್ಯಾನವನ್ನು ಹುಡುಕುವ ಬದಲು ಪರ ತಂಡದ ವ್ಯಾಖ್ಯಾನ ಸಮಂಜಸವಾಗಿದ್ದರೆ ಸಾಕು ಎಂಬ ‘ರೀಸನಬಿಲಿಟಿ’ಯ ಕೋರಿಕೆ. ಅದನ್ನು ಬರೀ ಕೋರಿಕೆಯಾಗಿ ಬಿಡದೆ, ಗಡಿಯನ್ನು ಪ್ರತಿ ಸುತ್ತಿನಲ್ಲೂ ಒಂದಿಷ್ಟು ಒಳಕ್ಕೆ ತಳ್ಳುತ್ತಾ ಹೋದರೆ ವರ್ಷಾಂತ್ಯಕ್ಕೆ ಯಾವ ಯೋಜನೆಯೂ ಉಳಿಯುವುದಿಲ್ಲ ಎಂಬ ಕಾರಣವನ್ನು ಜೊತೆಗಿಡಿ.

ಆರನೆಯ ಹೆಜ್ಜೆ: ಮಧ್ಯದಿಂದ ಕೊನೆಯವರೆಗೆ

ವಿರೋಧ ತಂಡಕ್ಕೆ ಮಧ್ಯದಲ್ಲಿ ಒಂದರ ಹಿಂದೊಂದು ಎರಡು ಭಾಷಣಗಳು ಸಿಗುತ್ತವೆ. ‘ಟಿ’ಯನ್ನು ಮುಂದುವರಿಸುವುದಾದರೆ ಇಲ್ಲಿ ನಾಲ್ಕೈದು ನಿಮಿಷ ಕೊಡಿ. ಎರಡು ಪಟ್ಟಿಗಳನ್ನು ಓದಿ: ನಮ್ಮ ವ್ಯಾಖ್ಯಾನದಲ್ಲಿ ಉಳಿಯುವ ಯೋಜನೆಗಳು, ಅವರ ವ್ಯಾಖ್ಯಾನದಿಂದ ನುಗ್ಗುವ ಯೋಜನೆಗಳು. ಮೊದಲ ಪಟ್ಟಿ ಅವ್ಯಾಪ್ತಿಯ ದೂರಿಗೆ ಉತ್ತರ, ಎರಡನೆಯದು ಅತಿವ್ಯಾಪ್ತಿಯ ಪುರಾವೆ. ಜೊತೆಗೆ, ಪರ ತಂಡ ತಾನು ಕಾಳಜಿ ವಹಿಸುವ ವಿಷಯವನ್ನೇ ಗಡಿಯೊಳಗಿದ್ದುಕೊಂಡು ಓದಬಹುದಿತ್ತು ಎಂದು ತೋರಿಸುವ ಪರ್ಯಾಯ ಯೋಜನೆಯೊಂದನ್ನು ಕೊಡಿ. ಉದಾಹರಣೆಗೆ, 702ನ್ನು ಇಡಿಯಾಗಿ ರದ್ದುಗೊಳಿಸುವ ಬದಲು ಅಮೆರಿಕನ್ನರ ಹೆಸರಿನ ಹುಡುಕಾಟವನ್ನು ಮಾತ್ರ ನಿಷೇಧಿಸುವುದು. ತೀರ್ಪುಗಾರರ ಮನಸ್ಸಿನಲ್ಲಿ ‘ಒಳ್ಳೆಯ ವಿಷಯವನ್ನು ತಡೆದೆನಲ್ಲ’ ಎಂಬ ಅಳುಕನ್ನು ತೆಗೆಯುವುದು ಇದೇ.

ವಿರೋಧ ತಂಡದ ಕೊನೆಯ ಭಾಷಣದಲ್ಲಿ ‘ಟಿ’ಯನ್ನು ಹಿಡಿದರೆ ಐದು ನಿಮಿಷವನ್ನೂ ಅದಕ್ಕೇ ಕೊಡಿ; ಅರ್ಧ ನಿಮಿಷದ ‘ಟಿ’ಯಿಂದ ಗೆದ್ದವರು ವಿರಳ. ಪರ ತಂಡದ ಕೊನೆಯ ಭಾಷಣಕಾರರು ಗಾಬರಿಯಾಗದೆ, ಎದುರಾಳಿಯ ಎರಡನೆಯ ಪಟ್ಟಿಯಲ್ಲಿರುವ ಯೋಜನೆಗಳನ್ನು ಒಂದೊಂದಾಗಿ ತೆಗೆದು, ಇದು ನಮ್ಮ ಗಡಿಯಿಂದಲೂ ಹೊರಗೇ ಇದೆ, ಇದಕ್ಕೆ ಯಾವ ತಂಡದ ಬಳಿಯೂ ಆಧಾರವಿಲ್ಲದ್ದರಿಂದ ಯಾರೂ ಓದಲಾರರು ಎಂದು ಕಳೆಯುತ್ತಾ ಬರಬೇಕು. ಮೂರು ಹೆಸರು ಕಳೆದರೆ ಪ್ರವಾಹದ ಭಯವೇ ಇಳಿಯುತ್ತದೆ.

ಅಭ್ಯಾಸ

ಇದನ್ನು ಮನೆಯಲ್ಲೇ ಕೂತು ಮಾಡಬಹುದು. ಹತ್ತು ಚೀಟಿಗಳ ಮೇಲೆ ಹತ್ತು ಯೋಜನೆಗಳನ್ನು ಬರೆಯಿರಿ: 702ರ ರದ್ದತಿ, ಸ್ಟಿಂಗ್‌ರೇ, ವಿಮಾನ ನಿಲ್ದಾಣದ ದೇಹ ತಪಾಸಣೆ ಯಂತ್ರ, ಡ್ರೋನ್, ಮಸೀದಿಗಳಲ್ಲಿ ಎಫ್‌ಬಿಐ ಮಾಹಿತಿದಾರರು, ಬ್ಯಾಂಕ್ ವಹಿವಾಟಿನ ವರದಿ, ಗೂಢಲಿಪಿಯ ಹಿಂಬಾಗಿಲು, ಹೀಗೆ. ಒಬ್ಬರು ಒಂದು ವ್ಯಾಖ್ಯಾನವನ್ನು ಜೋರಾಗಿ ಓದಲಿ. ಇನ್ನೊಬ್ಬರು ಚೀಟಿಗಳನ್ನು ಒಳಗೆ, ಹೊರಗೆ ಎಂದು ಎರಡು ರಾಶಿ ಮಾಡಲಿ. ಯಾವ ಚೀಟಿಯ ಬಗ್ಗೆ ಕೈ ತಡೆಯಿತೋ ಅಲ್ಲೇ ವ್ಯಾಖ್ಯಾನದ ಬಿರುಕು ಇದೆ. ಅದನ್ನು ಮುಚ್ಚುವ ಒಂದು ವಿಶೇಷಣವನ್ನು ಸೇರಿಸಿ ಮತ್ತೆ ಹಂಚಿ. ಕೊನೆಗೆ ಆ ಗಡಿಯನ್ನು ಅಜ್ಜಿಯೋ ತಾತನೋ ಕೇಳಿ ಅರ್ಥ ಮಾಡಿಕೊಳ್ಳುವಂತೆ ಕನ್ನಡದ ಎರಡು ವಾಕ್ಯಗಳಲ್ಲಿ ಹೇಳಲು ಪ್ರಯತ್ನಿಸಿ. ಹೇಳಲು ಬಾರದಿದ್ದರೆ ವಾದ ಇನ್ನೂ ಪರಿಭಾಷೆಯ ಆಸರೆಯಲ್ಲೇ ನಿಂತಿದೆ ಎಂದು ತಿಳಿದು, ಚೀಟಿಗಳನ್ನು ಕಲಸಿ ಮೊದಲಿನಿಂದ ಹಂಚಿ.